ತಾಳಿಕೆ, ಬಾಳಿಕೆ

ಪಾತ್ರೆ ಅಂಗಡಿಗೆ ಹೋಗಲಿ, ಸೀರೆ ಅಂಗಡಿಗೆ ಹೋಗಲಿ, ನಾವು ಹೆಂಗಸರು ಕೇಳುವ ಪ್ರಶ್ನೆ ಒಂದೇ: "ಬಾಳಿಕೆ ಬರುತ್ತದಾ?" ಬೆಲೆಯ ಮಾತು ಆಮೇಲೆ. ಅಂಗಡಿಯವನೂ ಅದಕ್ಕೆ ಸಿದ್ಧನಾಗಿಯೇ ಕೂತಿರುತ್ತಾನೆ. "ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗುವುದಿಲ್ಲ ಅಮ್ಮ" ಎಂದುಬಿಡುತ್ತಾನೆ. ನಮಗೆ ಅಷ್ಟು ಸಾಕು. ಬಾಳಿಕೆ ಬರುವುದು ಒಳ್ಳೆಯದು, ಬಾರದ್ದು ಕೆಟ್ಟದ್ದು. ಇದರಲ್ಲಿ ಯೋಚಿಸುವುದಕ್ಕೆ ಏನಿದೆ ಎನ್ನುತ್ತೀರಿ.

ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜವಿಜ್ಞಾನವನ್ನೂ ಪಾಠ ಮಾಡುತ್ತ ತಲೆ ನರೆಸಿಕೊಂಡವಳು ನಾನು. ಪದಗಳ ಬೇರು ಹುಡುಕುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಬಾಳು ಎಂಬುದರಿಂದ ಬಾಳಿಕೆ, ತಾಳು ಎಂಬುದರಿಂದ ತಾಳಿಕೆ. ಇವೆರಡನ್ನೂ ಗಂಟು ಹಾಕಿ ನಮ್ಮ ಹಿರಿಯರು ಒಂದು ಗಾದೆಯನ್ನೇ ಮಾಡಿಟ್ಟಿದ್ದಾರೆ: ತಾಳಿದವನು ಬಾಳಿಯಾನು. ಗಾದೆಯಲ್ಲಿ 'ತಾಳಿದವನು' ಎಂದು ಗಂಡಸಿನ ಹೆಸರಿದ್ದರೂ ಅದನ್ನು ಹೆಚ್ಚಾಗಿ ಹೇಳುವುದು ಹೆಣ್ಣುಮಕ್ಕಳಿಗೇ, ಅದೂ ಗಂಡನ ಮನೆಗೆ ಹೊರಟು ನಿಂತಾಗ. ತಾಳಿದ್ದೆಲ್ಲ ಬಾಳುತ್ತದೆಯೇ ಎಂಬುದು ನನ್ನನ್ನು ಈಚೆಗೆ ಕಾಡತೊಡಗಿದ ಪ್ರಶ್ನೆ. ಕಾಡುವಂತೆ ಮಾಡಿದ್ದು ಯಾವುದೋ ವೇದಾಂತದ ಗ್ರಂಥವಲ್ಲ, ಒಂದು ಹಾಯಿದೋಣಿ.

ನಾನು ಕುಂದಾಪುರದವಳು. ದೋಣಿ ನನಗೆ ಹೊಸದಲ್ಲ. ಆದರೆ ನಾವು ಕಂಡ ದೋಣಿ ಮೀನಿನದು, ಹೊಳೆ ದಾಟಿಸುವುದು. ಬರೀ ತಿರುಗಾಟಕ್ಕೆಂದು, ಒಳಗೇ ಅಡುಗೆ ಮಾಡಿಕೊಂಡು, ಮಲಗಿಕೊಂಡು ಊರೂರು ಸುತ್ತುವ ಸಂಸಾರಸ್ಥರ ದೋಣಿಯನ್ನು ನಾನು ನೋಡಿದ್ದು 2023ರ ಬೇಸಿಗೆ ರಜೆಯಲ್ಲಿ. ಮಗಳು ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿದ್ದಾಳೆ. "ಅಮ್ಮ, ನಿನಗೆ ಮಾಲ್ ತೋರಿಸುವುದಿಲ್ಲ, ದೋಣಿ ತೋರಿಸುತ್ತೇನೆ ಬಾ" ಎಂದು ಬ್ರಿಸ್ಟಲ್ ಎಂಬ ಸಣ್ಣ ಊರಿಗೆ ಕರೆದುಕೊಂಡು ಹೋದಳು. ದೋಣಿ ಕಟ್ಟುವುದರಲ್ಲಿ ಬಹಳ ಹೆಸರಾದ ಊರು. ಹೆರೆಶಾಫ್ ಎಂಬ ಮನೆತನದವರು ಅಲ್ಲಿ ಕಟ್ಟಿದ ಮರದ ಹಾಯಿದೋಣಿಗಳಿಗೆ ಈಗ ಒಂದು ವಸ್ತುಸಂಗ್ರಹಾಲಯವೇ ಇದೆ. ಅವನ್ನು ನೋಡಿ ಕಣ್ಣು ತಂಪಾಯಿತು, ಸುಳ್ಳಲ್ಲ. ಆದರೆ ಮನಸ್ಸು ಹಿಡಿದು ನಿಲ್ಲಿಸಿದ್ದು ಅದಲ್ಲ. ಹತ್ತಿರದ ಒಂದು ದೋಣಿಕಟ್ಟೆಯ ಹಿಂಬದಿಯಲ್ಲಿ, ಸೊಂಟದೆತ್ತರ ಹುಲ್ಲಿನ ನಡುವೆ, ಕಬ್ಬಿಣದ ಊರುಗೋಲುಗಳ ಮೇಲೆ ನಿಂತಿದ್ದ ಹಳೆಯ ಫೈಬರ್‌ಗ್ಲಾಸ್ ದೋಣಿ. ಬಣ್ಣ ಮಾಸಿತ್ತು, ಹೆಸರು ಅಳಿಸಿಹೋಗಿತ್ತು. ಆದರೂ ಮೈಯಲ್ಲಿ ಒಂದು ಬಿರುಕಿಲ್ಲ. ಅದು ಟ್ರೈಟನ್ ಜಾತಿಯದು, ಅರವತ್ತು ವರ್ಷ ದಾಟಿದೆ ಎಂದರು.

ಈ ಟ್ರೈಟನ್ನಿನ ಕತೆ ಕೇಳುವಂಥದ್ದು. ಕ್ಲಿಂಟನ್ ಪಿಯರ್ಸನ್, ಎವರೆಟ್ ಪಿಯರ್ಸನ್ ಎಂಬ ಇಬ್ಬರು ದಾಯಾದಿ ಸೋದರರು 1950ರ ದಶಕದ ನಡುವಿನಲ್ಲಿ ಸಣ್ಣಪುಟ್ಟ ಫೈಬರ್‌ಗ್ಲಾಸ್ ದೋಣಿ ಮಾಡತೊಡಗಿದ್ದರು. ಮಧ್ಯಮ ವರ್ಗದ ಒಂದು ಸಂಸಾರ ಕೊಳ್ಳಬಹುದಾದ, ನಾಲ್ಕು ಜನ ಮಲಗಬಹುದಾದ ದೋಣಿಯೊಂದನ್ನು ಮಾಡಬೇಕೆಂದು ಹೊರಟಾಗ ಅದರ ನಕ್ಷೆ ಬರೆದುಕೊಟ್ಟವರು ಸ್ವೀಡನ್ನಿನಿಂದ ಬಂದು ಅಮೆರಿಕದಲ್ಲಿ ನೆಲೆಸಿದ್ದ ಕಾರ್ಲ್ ಆಲ್ಬರ್ಗ್. ಉದ್ದ 28 ಅಡಿಗೂ ತುಸು ಹೆಚ್ಚು, ಅಗಲ 8 ಅಡಿ ಚಿಲ್ಲರೆ. ನೀರಿನ ಕೆಳಗೆ 4 ಅಡಿ ಇಳಿಯುವ ಉದ್ದನೆಯ ಕೀಲ್, ಅಂದರೆ ದೋಣಿಯ ಅಡಿಯ ಬೆನ್ನೆಲುಬು. ಅದರಲ್ಲಿ ಸುಮಾರು 3,000 ಪೌಂಡು ಸೀಸದ ಭಾರ. ಗಾಳಿ ಎಷ್ಟು ಬಾಗಿಸಿದರೂ ಅಡಿಯ ಆ ಭಾರ ದೋಣಿಯನ್ನು ಎಳೆದು ನೇರ ನಿಲ್ಲಿಸುತ್ತದೆ. ಓಟದಲ್ಲಿ ಗೆಲ್ಲುವ ದೋಣಿಯಲ್ಲ. ನಿಧಾನ, ನೆಟ್ಟಗೆ, ಮನೆಗೆ ತಂದು ಮುಟ್ಟಿಸುವ ದೋಣಿ.

1959ರ ಜನವರಿಯಲ್ಲಿ ನ್ಯೂಯಾರ್ಕಿನ ದೋಣಿ ಪ್ರದರ್ಶನಕ್ಕೆ ಅದನ್ನು ತಂದರು. ಪ್ರದರ್ಶನದ ಖರ್ಚಿಗೂ ಸಾಲ ಮಾಡಬೇಕಾಗಿತ್ತಂತೆ. ಬೆಲೆ 10,000 ಡಾಲರಿಗೆ ಸ್ವಲ್ಪ ಕಡಿಮೆ ಇಟ್ಟಿದ್ದರು. ಪ್ರದರ್ಶನ ಮುಗಿಯುವಷ್ಟರಲ್ಲಿ ಹದಿನೇಳು ಜನ ಮುಂಗಡ ಕೊಟ್ಟಿದ್ದರಂತೆ. ಫೈಬರ್‌ಗ್ಲಾಸಿನಲ್ಲಿ ಇದಕ್ಕಿಂತ ಮೊದಲೂ ದೊಡ್ಡ ಹಾಯಿದೋಣಿ ಮಾಡಿದವರಿದ್ದರು. ಆದರೆ ಸಾಧಾರಣ ಸಂಸಾರದ ಅಂಗಳಕ್ಕೆ ಅದನ್ನು ತಂದುಬಿಟ್ಟದ್ದು ಟ್ರೈಟನ್. 1960ರ ದಶಕದಲ್ಲಿ ನಿಲ್ಲಿಸುವವರೆಗೆ 700ಕ್ಕೂ ಹೆಚ್ಚು ದೋಣಿಗಳು ತಯಾರಾದವು. ಹೆರೆಶಾಫರ ಹಳೆಯ ದೋಣಿಕಟ್ಟೆಯನ್ನೇ ಪಿಯರ್ಸನ್ ಕಂಪನಿ ಕೊಂಡುಕೊಂಡಿತು. ಮರದ ಕಾಲ ಮುಗಿಯಿತು, ಗಾಜಿನ ಕಾಲ ಬಂತು ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

ಗಾಜಿನ ದೋಣಿ ಎಂದರೆ ಕಿಟಕಿಯ ಗಾಜಲ್ಲ. ಗಾಜನ್ನು ಕರಗಿಸಿ ಎಳೆದ ಕೂದಲಿನಂಥ ನೂಲು, ಆ ನೂಲಿನ ಚಾಪೆ, ಅದಕ್ಕೆ ಕುಡಿಸುವ ಅಂಟುರಾಳ. ಅದನ್ನು ರೆಸಿನ್ ಎನ್ನುತ್ತಾರೆ. ಮಾಡುವ ಕ್ರಮ ನಮ್ಮ ಇಡ್ಲಿಯದೇ ಎನ್ನಿ. ದೋಣಿಯ ಆಕಾರದ ದೊಡ್ಡ ಅಚ್ಚು. ನಾವು ತಟ್ಟೆಗೆ ಎಣ್ಣೆ ಸವರಿದಂತೆ ಹಿಡಿಯದಿರಲೆಂದು ಅಚ್ಚಿಗೆ ಮೇಣ ಸವರುತ್ತಾರೆ. ಮೊದಲು ಬಣ್ಣದ ಪದರ, ಅದರ ಮೇಲೆ ಗಾಜಿನ ಚಾಪೆ, ರಾಳ, ಮತ್ತೆ ಚಾಪೆ, ಮತ್ತೆ ರಾಳ. ಗಟ್ಟಿಯಾದ ಮೇಲೆ ಅಚ್ಚಿನಿಂದ ಎತ್ತಿದರೆ ದೋಣಿ. ಮರದ ದೋಣಿಯಲ್ಲಿ ಮೊದಲು ಪಕ್ಕೆಲುಬು, ಆಮೇಲೆ ಹಲಗೆ, ಕೊನೆಗೆ ಬಣ್ಣ. ಇಲ್ಲಿ ಎಲ್ಲ ತಿರುಗುಮುರುಗು. ಹೊರಗಿನ ಹೊಳಪು ಮೊದಲು, ಒಳಗಿನ ಬಲ ಆಮೇಲೆ.

ಆ ಚಾಪೆಯ ಪದರ ಎಷ್ಟಿರಬೇಕು ಎಂಬುದೇ ಆಗಿನ ಪ್ರಶ್ನೆ. ಮರದ ಹಲಗೆಗೆ ಸಾವಿರಾರು ವರ್ಷದ ಲೆಕ್ಕವಿತ್ತು. ಈ ಹೊಸ ವಸ್ತು ಸಮುದ್ರದಲ್ಲಿ ಹತ್ತು ವರ್ಷ ತಡೆಯುತ್ತದೋ ಇಪ್ಪತ್ತೋ ಎಂದು ಆಧಾರವಿಟ್ಟು ಹೇಳುವವರು ಇರಲಿಲ್ಲ. ಆದ್ದರಿಂದ ಆಗಿನ ದೋಣಿಗಳ ಮೈಯನ್ನು ಬೇಕಾದ್ದಕ್ಕಿಂತ ದಪ್ಪ ಮಾಡಿದರು ಎಂದು ದೋಣಿ ಬಲ್ಲವರು ಹೇಳುತ್ತಾರೆ. ರಾಳ ಬರುವುದು ಕಲ್ಲೆಣ್ಣೆಯಿಂದ. ಅದಾಗ ಅಗ್ಗವೂ ಇತ್ತು. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ, ಲೆಕ್ಕವೂ ಕೈಗೆ ಬಂದ ಮೇಲೆ, ಆ ಧಾರಾಳ ನಿಂತಿತು.

ಅಂದರೆ ಟ್ರೈಟನ್ನಿನ ಗಟ್ಟಿತನ ತಿಳುವಳಿಕೆಯಿಂದ ಬಂದದ್ದಲ್ಲ, ತಿಳಿಯದ್ದರಿಂದ ಬಂದದ್ದು. ತಿಳಿಯದೆ ಬಂದ ಗುಣಕ್ಕೆ ಮೆಚ್ಚುಗೆ ಸಲ್ಲಬೇಕೇ? ನಾನಂತೂ ಸಲ್ಲಬೇಕು ಎನ್ನುತ್ತೇನೆ. ಎಷ್ಟು ಜನ ಉಣ್ಣುತ್ತಾರೋ ಗೊತ್ತಿಲ್ಲದಾಗ ನಮ್ಮ ಅಜ್ಜಿಯಂದಿರು ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕುತ್ತಿದ್ದರಲ್ಲ, ಅದೂ ತಿಳಿಯದ್ದರಿಂದಲೇ. ಗೊತ್ತಿಲ್ಲದಿದ್ದಾಗ ಒಂದು ಹಿಡಿ ಕಡಿಮೆ ಹಾಕುವ ದಾರಿಯೂ ಇತ್ತು. ಕಂಡವರಾರು ಎಂದು ಪದರ ತೆಳುಮಾಡಿ ಲಾಭ ಮಾಡುವ ದಾರಿ ದೋಣಿಯವರಿಗೂ ಇತ್ತು. ಗೊತ್ತಿಲ್ಲ ಎಂಬುದು ಎಲ್ಲರಿಗೂ ಒಂದೇ. ಆ ಗೊತ್ತಿಲ್ಲದ್ದರ ನಷ್ಟವನ್ನು ಯಾರ ಮೇಲೆ ಹಾಕುತ್ತೇವೆ, ನಮ್ಮ ಮೇಲೋ ಎದುರಿನವರ ಮೇಲೋ, ಎಂಬಲ್ಲಿ ಮನುಷ್ಯನ ಯೋಗ್ಯತೆ ತಿಳಿಯುತ್ತದೆ.

ಸರಿ, ದೋಣಿಗಳು ಬಾಳಿಕೆ ಬಂದವು. ಎಷ್ಟೆಂದರೆ ನಕ್ಷೆ ಬರೆದ ಆಲ್ಬರ್ಗ್ 1986ರಲ್ಲಿ ತೀರಿಕೊಂಡರು. ಪಿಯರ್ಸನ್ ಕಂಪನಿಯ ಒಡೆತನ 1961ರಲ್ಲೇ ದೊಡ್ಡ ಕಂಪನಿಯೊಂದಕ್ಕೆ ಹೋಯಿತು, ಸೋದರರು ಹೊರಬಂದರು, 1990ರ ದಶಕದ ಆರಂಭದಲ್ಲಿ ಪಿಯರ್ಸನ್ ದೋಣಿಗಳ ತಯಾರಿಕೆಯೇ ನಿಂತುಹೋಯಿತು. ದೋಣಿಗಳು ಮಾತ್ರ ಇವೆ. ಜೇಮ್ಸ್ ಬಾಲ್ಡ್ವಿನ್ ಎಂಬ ನಾವಿಕ 'ಆಟಂ' ಎಂಬ ಹೆಸರಿನ ಹಳೆಯ ಟ್ರೈಟನ್ನನ್ನು ಬಲಪಡಿಸಿಕೊಂಡು ಅದರಲ್ಲಿ ಎರಡು ಸಲ ಭೂಪ್ರದಕ್ಷಿಣೆ ಮಾಡಿದ. ಅವನ ದೋಣಿ ತಾಳಿತು, ಬಾಳಿತು ಕೂಡ. ಹುಲ್ಲಿನ ನಡುವೆ ನಾನು ಕಂಡ ಅದರ ಅಕ್ಕತಂಗಿಯ ವಿಷಯ ಬೇರೆ. ಕೊಂಡವರಿಗೆ ವಯಸ್ಸಾಯಿತು, ಮಕ್ಕಳಿಗೆ ದೋಣಿ ಬೇಡ, ಕಟ್ಟೆಯ ಬಾಡಿಗೆ ಏರುತ್ತ ಹೋಯಿತು. ದುಡ್ಡು ಕೊಡುವುದು ಬೇಡ, ಸುಮ್ಮನೆ ಒಯ್ಯಿರಿ ಎಂದರೂ ಬರುವವರಿಲ್ಲ.

ನಾನು ಪೆದ್ದುಪೆದ್ದಾಗಿ ಕೇಳಿದೆ, "ಗುಜರಿಗೆ ಹಾಕಬಹುದಲ್ಲ?" ಮಗಳು ನಕ್ಕಳು. ಕಬ್ಬಿಣವಾದರೆ ಕರಗುತ್ತದೆ, ಅಲ್ಯೂಮಿನಿಯಂ ಆದರೆ ಕರಗುತ್ತದೆ, ಮರವಾದರೆ ಮಣ್ಣಾಗುತ್ತದೆ. ಇದು ಹಾಗಲ್ಲ. ಬೆಲ್ಲ ಗಟ್ಟಿಯಾದ ಮೇಲೂ ಕಾಸಿದರೆ ಪಾಕವಾಗುತ್ತದೆ. ಇಡ್ಲಿ ಒಮ್ಮೆ ಬೆಂದರೆ ಮತ್ತೆ ಹಿಟ್ಟಾಗುವುದುಂಟೆ? ಈ ರಾಳವೂ ಒಮ್ಮೆ ಗಟ್ಟಿಯಾದರೆ ಗಟ್ಟಿಯೇ. ಗರಗಸದಲ್ಲಿ ಕೊಯ್ದು ಗುಂಡಿಗೆ ಹಾಕಬೇಕು. ಇಲ್ಲವೆ ಚೂರು ಮಾಡಿ ಸಿಮೆಂಟಿನ ಗೂಡಿಗೆ ಉರುವಲಾಗಿ, ಸಾಮಗ್ರಿಯಾಗಿ ಕೊಡಬೇಕು. ಅಂಥ ಪ್ರಯತ್ನ ರೋಡ್ ಐಲೆಂಡಿನಲ್ಲೂ ನಡೆದಿದೆ. ಫ್ರಾನ್ಸಿನಲ್ಲಿ 2019ರಿಂದ, ಹಳೆಯ ದೋಣಿಗಳನ್ನು ಬಿಚ್ಚಿ ವಿಲೇವಾರಿ ಮಾಡುವ ಹೊಣೆಯಲ್ಲಿ ಹೊಸ ದೋಣಿ ಮಾರುಕಟ್ಟೆಗೆ ತರುವವರೂ ಪಾಲು ಕೊಡಬೇಕೆಂಬ ವ್ಯವಸ್ಥೆ ಬಂದಿದೆ. ಹುಟ್ಟಿಸಿದವರೇ ಮಣ್ಣನ್ನೂ ಮಾಡಬೇಕು ಎಂಬ ಈ ಮಾತು ನನಗೆ ಬಹಳ ಹಿಡಿಸಿತು.

ಇದು ಅಮೆರಿಕದ ಶ್ರೀಮಂತರ ತಲೆನೋವು, ನಮಗೇನು ಎನ್ನಬೇಡಿ. ಪಿಯರ್ಸನ್ ಸೋದರರಲ್ಲಿ ಎವರೆಟ್ ಮುಂದೆ ಕಟ್ಟಿದ ಕಂಪನಿಯೇ ದೋಣಿಯಿಂದ ಗಾಳಿಯಂತ್ರದ ರೆಕ್ಕೆಗಳತ್ತ ಹೊರಳಿತು. ಚಿತ್ರದುರ್ಗದ, ಗದಗದ ಗುಡ್ಡಗಳ ಮೇಲೆ ತಿರುಗುವ ರೆಕ್ಕೆಗಳ ಮೈಯೂ ಇದೇ ಜಾತಿಯ ವಸ್ತು. ನಮ್ಮ ಕರಾವಳಿಯ ಮೀನುಗಾರರ ದೋಣಿಗಳೂ ಈಗ ಬಹುಪಾಲು ಇದರದೇ. ಅವೂ ಒಂದು ದಿನ ಹಳತಾಗುತ್ತವೆ, ಆದರೆ ಕೊಳೆಯುವುದಿಲ್ಲ.

ಹಾಗಾದರೆ ಮರವೇ ಚೆನ್ನಾಗಿತ್ತು ಎನ್ನೋಣವೇ? ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ನಾನು ಚಿಕ್ಕವಳಿದ್ದಾಗ ಮಳೆಗಾಲಕ್ಕೆ ಮೊದಲು ದೋಣಿಗಳನ್ನು ಮರಳಿಗೆ ಎಳೆದು, ಕವುಚಿ, ಸಂದು ತುಂಬಿ, ಮೀನೆಣ್ಣೆಯೋ ಗೇರುಬೀಜದ ಸಿಪ್ಪೆಯ ಎಣ್ಣೆಯೋ ಬಳಿಯುತ್ತಿದ್ದರು. ಆ ವಾಸನೆ ಈಗಲೂ ಮೂಗಿನಲ್ಲಿದೆ. ನೋಡಲು ಚೆಂದ. ಬಳಿಯುವವರ ಕೈಯ ಚರ್ಮ ಸುಲಿದುಹೋಗುತ್ತಿತ್ತು, ಅದನ್ನು ಯಾರೂ ಚೆಂದ ಎನ್ನಲಿಲ್ಲ. ಆ ಎಣ್ಣೆಗೂ ಮರಕ್ಕೂ ಸಾಲ ಮಾಡುತ್ತಿದ್ದವರ ಹೆಂಡಂದಿರನ್ನು ಕೇಳಿ, ಫೈಬರ್ ದೋಣಿ ಬಂದದ್ದು ಒಳ್ಳೆಯದಾಯಿತೋ ಇಲ್ಲವೋ ಅವರೇ ಹೇಳುತ್ತಾರೆ. ದೂರದಲ್ಲಿ ಕೂತು ಹಳೆಯದನ್ನು ಹಾಡಿಹೊಗಳುವವರು ಸಾಮಾನ್ಯವಾಗಿ ಅದನ್ನು ರಿಪೇರಿ ಮಾಡಬೇಕಾದವರಲ್ಲ. ಒರಳುಕಲ್ಲಿನ ರುಚಿಯನ್ನು ಹೊಗಳುವವರು ರುಬ್ಬಿದವರಲ್ಲ, ತಿಂದವರು.

ತೊಂದರೆ ಫೈಬರ್‌ಗ್ಲಾಸಿನದಲ್ಲ. ಬ್ರಿಸ್ಟಲಿನ ಆ ಹುಲ್ಲಿನಲ್ಲಿ ನಿಂತಾಗ ನಡೆದ ಇನ್ನೊಂದು ಸಂಗತಿ ಹೇಳಿದರೆ ನನ್ನ ಮಾತು ನಿಮಗೆ ತಿಳಿದೀತು. ಕಟ್ಟೆಯಲ್ಲಿ ಕೆಲಸ ಮಾಡುವ ವಯಸ್ಸಾದ ಒಬ್ಬರು ನಮ್ಮ ಕುತೂಹಲ ಕಂಡು ಏಣಿ ಇಟ್ಟು ಡೆಕ್ಕಿನ ಮೇಲೆ ಹತ್ತಿಸಿದರು. ಡೆಕ್ ಎಂದರೆ ದೋಣಿಯ ಮೇಲ್ಮುಚ್ಚಿಗೆ, ನಾವು ಕಾಲಿಡುವ ಜಾಗ. ಅವರು ಒಂದು ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಲ್ಲಿ ತಟ್ಟಿದರು. ಒಂದು ಕಡೆ ಟಕ್ ಟಕ್ ಎಂದು ಖಣಿಯಾದ ಸದ್ದು. ಒಂದು ಮಾರು ಆಚೆ ತಟ್ಟಿದರೆ ದಬ್ ದಬ್. ಜಾತ್ರೆಯಲ್ಲಿ ಮಡಕೆ ತಟ್ಟಿ ಕೊಳ್ಳುವ ನನಗೆ ಆ ಸದ್ದಿನ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಒಳಗೆ ಹೋಗಿದೆ" ಎಂದೆ. ಮಗಳು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಅವರು ತಲೆಯಾಡಿಸಿದರು.

ಸಂಗತಿ ಹೀಗೆ. ದೋಣಿಯ ಹೊಟ್ಟೆಯ ಭಾಗ ಪೂರಾ ಗಟ್ಟಿ ಫೈಬರ್‌ಗ್ಲಾಸ್. ಮೇಲಿನ ಡೆಕ್ ಅಷ್ಟು ಭಾರವಾಗಬಾರದಲ್ಲ, ಆದ್ದರಿಂದ ಎರಡು ತೆಳು ಗಾಜಿನ ಪದರದ ನಡುವೆ ಬಾಲ್ಸಾ ಎಂಬ ಹತ್ತಿಯಂತೆ ಹಗುರಾದ ಮರವನ್ನು ಇಟ್ಟಿರುತ್ತಾರೆ. ಒಣಗಿರುವ ತನಕ ಅದು ಬಹಳ ಬಲ. ಡೆಕ್ಕಿಗೆ ಹಗ್ಗದ ಗೂಟವನ್ನೋ ಕಂಬಿಯನ್ನೋ ಕೂರಿಸಲು ಕೊರೆದ ಸ್ಕ್ರೂ ತೂತುಗಳ ಸಂದಿನಿಂದ ಹನಿ ಹನಿಯಾಗಿ ನೀರು ಇಳಿಯುತ್ತದೆ. ವರ್ಷಕ್ಕೊಮ್ಮೆ ಆ ಸಂದುಗಳನ್ನು ನೋಡಿ, ಬೇಕಾದ್ದನ್ನು ಬಿಚ್ಚಿ ಮೆತ್ತಿಕೊಂಡರೆ ಏನೂ ಆಗುವುದಿಲ್ಲ. ನೋಡದಿದ್ದರೆ ಒಳಗಿನ ಮರ ಕೊಳೆತು ಕೆಸರಾಗುತ್ತದೆ. ಮೇಲಿನ ಗಾಜು ಹಾಗೆಯೇ ಹೊಳೆಯುತ್ತಿರುತ್ತದೆ. ಮರದ ದೋಣಿಯಾಗಿದ್ದರೆ ಕಪ್ಪಿಟ್ಟು, ಮೆದುವಾಗಿ, ನೋಡು ನನ್ನನ್ನು ಎಂದು ಕೂಗುತ್ತಿತ್ತು. ಇದು ಕೂಗುವುದಿಲ್ಲ. ಕೊಳೆಯದ ದೋಣಿ ಎಂಬ ನಂಬಿಕೆಯೇ ಅದನ್ನು ಕೊಳೆಸುತ್ತದೆ.

ನನಗೆ ಆ ಕ್ಷಣ ನೆನಪಾದದ್ದು ನಾನು ಮೊದಲು ಕೆಲಸ ಮಾಡಿದ ಶಾಲೆಯ ಹೊಲಿಗೆ ಟೀಚರು. ನಮಗಿಂತ ಹಿರಿಯರು. ಜನಗಣತಿಯೇ, ಚುನಾವಣೆ ಡ್ಯೂಟಿಯೇ, ಶಾಲಾ ವಾರ್ಷಿಕೋತ್ಸವಕ್ಕೆ ನಲವತ್ತು ಮಕ್ಕಳ ಲಂಗ ಹೊಲಿಯುವುದೇ, ಎಲ್ಲ ಅವರ ತಲೆಗೆ. "ಅವರಿಗೆ ಕೊಡಿ, ಗಟ್ಟಿಗಿತ್ತಿ, ಮಾಡುತ್ತಾರೆ" ಎಂಬುದು ಸ್ಟಾಫ್ ರೂಮಿನ ಮಂತ್ರ. ಮನೆಯಲ್ಲಿ ಹಾಸಿಗೆ ಹಿಡಿದ ಮಾವ. ಅಲ್ಲಿಯೂ ಅದೇ ಮಾತು. ಅವರು ಒಂದು ದಿನವೂ ಇಲ್ಲ ಎಂದವರಲ್ಲ, ಕುಂಕುಮ ವಾರೆಯಾಗಿ ಬಂದವರಲ್ಲ. ಒಮ್ಮೆ ಪ್ರಾರ್ಥನೆಯ ಸಾಲಿನಲ್ಲಿ ನಿಂತಲ್ಲೇ ಕುಸಿದರು. ಆಸ್ಪತ್ರೆಯಲ್ಲಿ ನೋಡಿದರೆ ಮೈಯಲ್ಲಿ ರಕ್ತ ಇರಬೇಕಾದ್ದರ ಅರ್ಧ. ಇಷ್ಟು ದಿನ ನಡೆದಾಡಿದ್ದೇ ಹೆಚ್ಚು ಎಂದರು ಡಾಕ್ಟರು. ನೋಡಲು ಹೋದವರೆಲ್ಲ ಹೇಳಿದ್ದು, "ಅಯ್ಯೋ, ನಿಮಗೂ ಹೀಗಾಗುತ್ತದಾ ಟೀಚರೇ!" ಅವರು ನಗುತ್ತ ಅಂದರು, "ಯಾಕೆ ಮಾರಾಯ್ತಿ, ನಾನೇನು ಸ್ಟೀಲಿನ ಪಾತ್ರೆಯಾ?"

ನಮ್ಮಲ್ಲಿ ಗಟ್ಟಿಗಿತ್ತಿ ಎಂಬುದು ಬಿರುದು. ಬಿರುದು ಕೊಟ್ಟವರು ಆಮೇಲೆ ಆ ಕಡೆ ತಿರುಗಿ ನೋಡುವುದಿಲ್ಲ. ಅಳುವ ಮಗುವಿಗೆ ಹಾಲು, ಸೋರುವ ಮಾಡಿಗೆ ಹಂಚು. ಅಳದ, ಸೋರದ ಜೀವಕ್ಕೆ ಹೊಗಳಿಕೆ ಮಾತ್ರ. ತಾಳುವ ಶಕ್ತಿ ಇದೆ ಎಂಬುದನ್ನೇ ಆರೈಕೆ ಬೇಡ ಎಂಬುದಕ್ಕೆ ಸಾಕ್ಷಿ ಮಾಡಿಕೊಂಡುಬಿಡುತ್ತೇವೆ. ದಪ್ಪ ಮೈಯ ದೋಣಿಗೂ ಎಲ್ಲೋ ಒಂದು ಕಡೆ ಬಾಲ್ಸಾ ಇರುತ್ತದೆ ಎಂಬುದನ್ನು ಮರೆಯುತ್ತೇವೆ.

ತಾಳಿದವನು ಬಾಳಿಯಾನು ಎಂಬ ಗಾದೆಗೆ ಮರಳಿ ಬಂದರೆ, ಅದರ 'ಆನು' ಎಂಬ ಪ್ರತ್ಯಯವನ್ನು ಮಕ್ಕಳಿಗೆ ನಾವು ಸಂಭಾವನಾರ್ಥಕ ಎಂದು ಪಾಠ ಮಾಡುತ್ತೇವೆ. ಬಾಳುತ್ತಾನೆ ಎಂದಲ್ಲ, ಬಾಳಿಯಾನು, ಬಾಳಿದರೂ ಬಾಳಬಹುದು ಎಂದರ್ಥ. ಹಿರಿಯರು ಭರವಸೆಯನ್ನು ಅಷ್ಟಕ್ಕೇ ನಿಲ್ಲಿಸಿದ್ದಾರೆ. ಉಪದೇಶ ಮಾಡುವವರು ಅದನ್ನು ಖಾತ್ರಿ ಮಾಡಿಬಿಟ್ಟರು. ತಾಳುವುದು ಒಬ್ಬರೇ ಮಾಡಬಹುದಾದ ಕೆಲಸ, ಹುಲ್ಲಿನ ನಡುವೆ ಆ ದೋಣಿ ಮಾಡುತ್ತಿದ್ದಂತೆ. ಬಾಳುವುದಕ್ಕೆ ಇನ್ನೊಬ್ಬರು ಬೇಕು. ಸಂದು ಬಿಚ್ಚಿ ನೋಡುವ, ಕಿವಿಗೊಟ್ಟು ತಟ್ಟುವ ಯಾರೋ ಒಬ್ಬರು.

ನಮ್ಮ ನೌಕಾಪಡೆಯ 'ತಾರಿಣಿ'ಯನ್ನು ನೋಡಿ. ಗೋವೆಯಲ್ಲಿ ಕಟ್ಟಿದ 56 ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿ, 2017ರಲ್ಲಿ ಸೇವೆಗೆ ಸೇರಿದ್ದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವರ್ತಿಕಾ ಜೋಶಿಯವರ ಮುಂದಾಳುತನದಲ್ಲಿ ಆರು ಹೆಣ್ಣುಮಕ್ಕಳು ಅದನ್ನೇರಿ ಹೊರಟು, ಭೂಮಿ ಸುತ್ತಿ 2018ರ ಮೇ ತಿಂಗಳಲ್ಲಿ ಗೋವೆಗೆ ಮರಳಿದರು. ದಾರಿಯಲ್ಲಿ ಚುಕ್ಕಾಣಿ ಕೆಟ್ಟು ಮಾರಿಷಸ್ಸಿನಲ್ಲಿ ನಿಂತು ಸರಿಮಾಡಿಕೊಳ್ಳಬೇಕಾಯಿತು. 2024ರ ಅಕ್ಟೋಬರಿನಲ್ಲಿ ದಿಲ್ನಾ, ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಅದೇ ದೋಣಿಯಲ್ಲಿ ಮತ್ತೆ ಹೊರಟು 2025ರ ಮೇ ಕೊನೆಗೆ ಸುತ್ತು ಮುಗಿಸಿದರು. ಪತ್ರಿಕೆಗಳು ಅವರ ಧೈರ್ಯವನ್ನು ಹೊಗಳಿದವು, ತಕ್ಕದ್ದೇ. ನನಗೆ ಅದರ ಜೊತೆಗೆ ಕಾಣುವುದು ಎಂಟು ತಿಂಗಳ ಕಾಲ ದಿನದಿನವೂ ದೋಣಿಯ ಮೂಲೆಮೂಲೆಗೆ ಕೈಯಾಡಿಸಿದ ಅವರ ಗೃಹಕೃತ್ಯ. ಫೈಬರ್‌ಗ್ಲಾಸ್ ತಾನೇ ಎಂದು ಬಿಟ್ಟಿದ್ದರೆ ಮಹಾಸಾಗರ ಬಿಡುತ್ತಿತ್ತೇ?

ಆದ್ದರಿಂದ ಬಾಳಿಕೆ ವಸ್ತುವಿನ ಗುಣ ಎಂಬುದನ್ನು ನಾನೀಗ ಅರ್ಧ ಮಾತ್ರ ಒಪ್ಪುತ್ತೇನೆ. ಉಳಿದರ್ಧ ಇಟ್ಟುಕೊಂಡವರ ಗುಣ. ಮೊಮ್ಮಕ್ಕಳ ಕಾಲಕ್ಕೂ ಏನೂ ಆಗುವುದಿಲ್ಲ ಎಂದು ಅಂಗಡಿಯವನು ಹೇಳಿದರೆ, ಮೊಮ್ಮಕ್ಕಳಿಗೆ ಅದು ಬೇಕೇ, ಬೇಡವಾದರೆ ಅವರು ಅದನ್ನು ಏನು ಮಾಡಬೇಕು ಎಂಬುದೂ ನಮ್ಮ ಲೆಕ್ಕದಲ್ಲಿರಬೇಕು. ಎಷ್ಟು ವರ್ಷ ಬರುತ್ತದೆ ಎಂದು ಕೇಳುವ ನಾವು, ಅಷ್ಟು ವರ್ಷ ನಾನು ಇದನ್ನು ನೋಡಿಕೊಳ್ಳುತ್ತೇನೆಯೇ ಎಂದೂ ಒಮ್ಮೆ ಕೇಳಿಕೊಂಡರೆ ಅಟ್ಟದ ಮೇಲೆ, ಕಡಲ ದಂಡೆಯ ಮೇಲೆ, ಗುಡ್ಡದ ಮೇಲೆ ರಾಶಿ ಬೀಳುವುದು ಸ್ವಲ್ಪವಾದರೂ ಕಡಿಮೆಯಾದೀತು.

ಇನ್ನು ಮನುಷ್ಯರ ವಿಷಯ. ನಮ್ಮ ಹೊಲಿಗೆ ಟೀಚರು ಗುಣವಾಗಿ ಬಂದ ಮೇಲೆ ಚುನಾವಣೆ ಡ್ಯೂಟಿಯ ಪಟ್ಟಿ ಮತ್ತೆ ಬಂತು. ಹೆಡ್‌ಮಾಸ್ತರರು ರೂಢಿಯಂತೆ ಅವರ ಹೆಸರು ಬರೆಯಲು ಹೊರಟಾಗ, ನಮ್ಮೆಲ್ಲರಿಗಿಂತ ಕಿರಿಯಳಾದ ಹಿಂದಿ ಟೀಚರು ಎದ್ದು ನಿಂತು, "ಸರ್, ಮೊದಲು ಅವರನ್ನು ಆಗುತ್ತದಾ ಎಂದು ಕೇಳಿ" ಎಂದಳು. ಕೋಣೆಯಲ್ಲಿ ಎಲ್ಲರೂ ಸುಮ್ಮನಾದರು. ಹೊಲಿಗೆ ಟೀಚರು ಸ್ವಲ್ಪ ಹೊತ್ತು ಯೋಚಿಸಿ, "ಈ ಸಲ ಆಗುವುದಿಲ್ಲ ಸರ್" ಎಂದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಆ ಪ್ರಶ್ನೆಯನ್ನು ಯಾರೋ ಅವರಿಗೆ ಕೇಳಿದ್ದು ಅದೇ ಮೊದಲಂತೆ.